ಹಣೆದೀಪಕ್ಕೆ ಹೊಂಬೆಳಕು

ಕತ್ತಲೆಯಲ್ಲಿ ದುಡಿಯುವವನಿಗೆ ದೀಪವೆಂಬುದು ಅಲಂಕಾರವಲ್ಲ. ಅದು ಅವನ ಮೂರನೆಯ ಕೈ. ನಮ್ಮ ನಾಡಿನಲ್ಲಿ ಹೊಲದ ಪಂಪುಸೆಟ್ಟುಗಳಿಗೆ ಎಷ್ಟೋ ಕಡೆ ರಾತ್ರಿಯ ಪಾಳಿಯಲ್ಲಿಯೇ ವಿದ್ಯುತ್ತು ದೊರೆಯುವುದರಿಂದ, ನಡುರಾತ್ರಿಯಲ್ಲೆದ್ದು ಗುದ್ದಲಿ ಹಿಡಿದು ಮಡಿಯಿಂದ ಮಡಿಗೆ ನೀರು ತಿರುವುವ ರೈತನಿಗೆ ಕಂದೀಲು ಹಿಡಿಯಲು ಕೈ ಉಳಿದಿರುವುದಿಲ್ಲ. ಸುಳ್ಯದ ಕಡೆಯ ರಬ್ಬರ್ ತೋಟಗಳಲ್ಲಿ ಮೂಡಣ ಕೆಂಪೇರುವ ಮುನ್ನವೇ ಮರದ ತೊಗಟೆಯನ್ನು ಕೆತ್ತಿ ಹಾಲಿಳಿಸುವವನ ಸ್ಥಿತಿಯೂ ಅದೇ. ಇಂತಹವರ ನೆರವಿಗೆ ಬಂದಿರುವುದು ಹಣೆಗೆ ಪಟ್ಟಿಯಿಂದ ಬಿಗಿದುಕೊಳ್ಳುವ ಪುಟ್ಟ ದೀಪ. ಪೇಟೆಯಲ್ಲಿ ಇದಕ್ಕೆ ಹೆಡ್‌ಲ್ಯಾಂಪ್ ಎಂದು ಹೆಸರು. ಹಳ್ಳಿಯಲ್ಲಿ ತಲೆಗೆ ಕಟ್ಟುವ ಬ್ಯಾಟರಿ. ಈ ಬರಹದಲ್ಲಿ ಅದನ್ನು ಹಣೆದೀಪವೆಂದು ಕರೆಯಲಾಗಿದೆ.

ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ಅಗ್ಗದ ಬೆಲೆಗೆ ದೊರೆಯುವ ಈ ದೀಪಗಳಿಗೆ ಒಂದು ಸಾಮಾನ್ಯ ದೋಷವುಂಟು. ಅವುಗಳ ಬೆಳಕು ಪ್ರಖರವಾದರೂ ನೀಲಿಗಟ್ಟಿದ, ಕಣ್ಣು ಚುಚ್ಚುವ ಬೆಳಕು. ಆ ಬೆಳಕಿನಲ್ಲಿ ಅಂಗೈ ರಕ್ತಹೀನನ ಕೈಯಂತೆ ಕಾಣುವುದು. ಕುಂಕುಮ ಕಂದುಬಣ್ಣಕ್ಕೆ ತಿರುಗುವುದು. ಒಣಗಿದ ತರಗೆಲೆಗೂ ಅದರ ನಡುವೆ ಸುರುಳಿ ಸುತ್ತಿ ಮಲಗಿದ ಕೊಳಕುಮಂಡಲಕ್ಕೂ ಇರುವ ಬಣ್ಣದ ಭೇದ ಮಸುಕಾಗುವುದು. ಪಂಪಿನ ಸ್ಟಾರ್ಟರ್ ಪೆಟ್ಟಿಗೆಯನ್ನು ತೆರೆದು ಕೆಂಪು, ಹಳದಿ, ನೀಲಿ ತಂತಿಗಳನ್ನು ಗುರುತಿಸಬೇಕಾದವನಿಗೆ ಇದು ಕೇವಲ ಅಂದಚೆಂದದ ಮಾತಲ್ಲ, ಜೀವದ ಮಾತು. ಆದರೆ ಈ ದೋಷವು ಅಸಾಧ್ಯರೋಗವೇನೂ ಅಲ್ಲ. ಪ್ರೌಢಶಾಲೆಯ ವಿಜ್ಞಾನವನ್ನು ಓದಿದ, ಬೆಸುಗೆ ಹಾಕಲು ಬಲ್ಲ ವಿದ್ಯಾರ್ಥಿಯೊಬ್ಬನು ಒಂದು ಮಧ್ಯಾಹ್ನದಲ್ಲಿ ಇದನ್ನು ಸರಿಪಡಿಸಬಹುದು. ಅದರ ಕಾರಣವನ್ನೂ ಕ್ರಮವನ್ನೂ ತಿಳಿಸುವುದೇ ಈ ಲೇಖನದ ಉದ್ದೇಶ.

ಬೆಳಕಿನ ನುಡಿಗಳು

ಕನ್ನಡ ನುಡಿಯು ಬೆಳಕನ್ನು ಎಂದೂ ಒಂದೇ ಬಗೆಯದೆಂದು ಭಾವಿಸಿಲ್ಲ. 'ಬೆಳ್' ಎಂಬ ಧಾತುವಿಗೆ ಬಿಳುಪು, ಹೊಳಪು ಎಂಬ ಅರ್ಥ. ಬೆಳಕು, ಬೆಳಗು, ಬೆಳ್ಳಿ, ಬೆಳ್ಳಕ್ಕಿ, ಬೆಳ್ಮುಗಿಲು ಎಂಬ ಶಬ್ದಗಳೆಲ್ಲವೂ ಈ ಒಂದೇ ಬೇರಿನಿಂದ ಚಿಗುರಿದವು. ಬೆಳ್ ಎಂಬುದರ ಮುಂದೆ ತಿಂಗಳು ಎಂಬುದು ಬಂದಾಗ ತಕಾರಕ್ಕೆ ದಕಾರವು ಆದೇಶವಾಗಿ ಬೆಳ್ದಿಂಗಳು ಆಗುವುದನ್ನು ವ್ಯಾಕರಣದ ಪಾಠದಲ್ಲಿ ಎಲ್ಲರೂ ಓದಿದವರೇ. ಅಷ್ಟಕ್ಕೇ ನಿಲ್ಲದೆ ನುಡಿಯು ಹೊಂಬೆಳಕು, ಎಳೆಬಿಸಿಲು, ಸಂಜೆಗೆಂಪು, ನಸುಬೆಳಕು ಎಂದು ಒಂದೊಂದು ಹೊತ್ತಿನ ಬೆಳಕಿಗೂ ಬೇರೆಬೇರೆ ಹೆಸರನ್ನಿಟ್ಟಿದೆ. ಶರಣರ ವಚನಗಳಲ್ಲಿ ಬೆಳಗು ಎಂಬ ಶಬ್ದವು ಹೊರಗಿನ ದೀಪವನ್ನು ದಾಟಿ ಒಳಗಿನ ಅರಿವನ್ನೇ ಸೂಚಿಸುವಷ್ಟು ಎತ್ತರಕ್ಕೇರಿತು.

ನಮ್ಮ ಕವಿಗಳು ಸೂರ್ಯನನ್ನು ಬಿಸುಗದಿರನೆಂದೂ ಚಂದ್ರನನ್ನು ತಂಗದಿರನೆಂದೂ ಕರೆದರು. ಒಂದು ಬಿಸಿಯಾದ ಕಿರಣ, ಇನ್ನೊಂದು ತಣ್ಣನೆಯ ಕಿರಣ. ಹೊಂಬಣ್ಣದ ಬೆಳಕು ಬೆಚ್ಚಗೆಂದೂ ನೀಲಿ ಬೆರೆತ ಬಿಳುಪು ತಂಪೆಂದೂ ಕಣ್ಣು ಭಾವಿಸುತ್ತದೆ. ಒಲೆಯ ಕೆಂಡದ ಬಣ್ಣವನ್ನೂ ಹುಣ್ಣಿಮೆಯ ರಾತ್ರಿಯನ್ನೂ ತಲೆತಲಾಂತರದಿಂದ ಕಂಡ ಅನುಭವವು ಈ ಭಾವನೆಯ ಹಿಂದಿದೆ. ಇಂದು ದೀಪದ ಪೊಟ್ಟಣಗಳ ಮೇಲೆ ಬೆಚ್ಚನೆಯ ಬಿಳುಪು, ತಂಪು ಬಿಳುಪು ಎಂದು ಮುದ್ರಿಸುವವರು ಈ ಹಳೆಯ ಭಾವನೆಯನ್ನೇ ಅನುಸರಿಸಿದ್ದಾರೆ.

ಕುಲುಮೆ ಕಲಿಸುವ ಪಾಠ

ಇಲ್ಲಿ ವಿದ್ಯಾರ್ಥಿಯು ಎಡವುವ ಒಂದು ವಿರೋಧಾಭಾಸವಿದೆ. ಪೊಟ್ಟಣದ ಮೇಲೆ ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಉಷ್ಣತೆಯ ಮಾನದಲ್ಲಿ ಸೂಚಿಸಿರುತ್ತಾರೆ. ಬೆಚ್ಚನೆಯ ಬೆಳಕಿಗೆ 2700 ಅಥವಾ 3000 ಎಂದೂ ತಂಪು ಬೆಳಕಿಗೆ 6500 ಎಂದೂ ಬರೆದಿರುವುದನ್ನು ಕಂಡು, ಬೆಚ್ಚನೆಯದಕ್ಕೆ ಕಡಮೆ ಅಂಕಿ, ತಂಪಿಗೆ ಹೆಚ್ಚು ಅಂಕಿ, ಇದೆಂತಹ ನ್ಯಾಯವೆಂದು ಕೇಳುವುದು ಸಹಜ.

ಇದಕ್ಕೆ ಉತ್ತರವು ಕಮ್ಮಾರನ ಕುಲುಮೆಯಲ್ಲಿದೆ. ಕಬ್ಬಿಣವನ್ನು ಕಾಯಿಸುತ್ತ ಹೋದಂತೆ ಅದು ಮೊದಲು ಮಂದವಾದ ಕೆಂಪಾಗಿ, ಬಳಿಕ ಕಿತ್ತಳೆಯಾಗಿ, ಅನಂತರ ಹಳದಿಯಾಗಿ, ಕಡೆಗೆ ಬೆಳ್ಳಗಾಗುತ್ತ ಸಾಗುತ್ತದೆ. ಕಾವು ಏರಿದಷ್ಟೂ ಬೆಳಕು ಕೆಂಪನ್ನು ಬಿಟ್ಟು ನೀಲಿಯ ಕಡೆಗೆ ಸರಿಯುತ್ತದೆ. ಆದಕಾರಣ ಯಾವ ಕಾವಿನಲ್ಲಿ ಕಾದ ಕಾಯವು ಆ ಬಣ್ಣವನ್ನು ಬೀರುವುದೋ ಆ ಕಾವಿನ ಅಂಕಿಯನ್ನೇ ಬೆಳಕಿನ ಬಣ್ಣಕ್ಕೆ ಹೆಸರಾಗಿ ಇಟ್ಟರು. ಇದನ್ನು ವರ್ಣೋಷ್ಣತೆ ಎನ್ನಬಹುದು. ಮೇಣದಬತ್ತಿಯ ಉರಿಗೆ ಸುಮಾರು 1900 ಕೆಲ್ವಿನ್. ಹಳೆಯ ಬುರುಡೆಯ ಬಲ್ಬಿಗೆ ಸುಮಾರು 2700. ನಡುಹಗಲಿನ ಬಿಸಿಲಿಗೆ ಸುಮಾರು 5500. ಮೋಡ ಮುಸುಕಿದ ಆಕಾಶಕ್ಕೆ 6500 ಮತ್ತು ಅದಕ್ಕೂ ಹೆಚ್ಚು. ಹೀಗೆ ಭೌತವಿಜ್ಞಾನದ ಬಿಸಿಯೂ ಕಣ್ಣಿನ ಬಿಸಿಯೂ ಪರಸ್ಪರ ಎದುರುಬದುರು ದಿಕ್ಕಿನವು. ಎರಡೂ ನಿಜ, ಎರಡರ ಅಳತೆಗೋಲು ಬೇರೆ.

ಇನ್ನೂ ಒಂದು ಸ್ವಾರಸ್ಯವುಂಟು. ತಂಗದಿರನ ಬೆಳದಿಂಗಳನ್ನು ಉಪಕರಣದಿಂದ ಅಳೆದರೆ ಅದು ಸುಮಾರು 4100 ಕೆಲ್ವಿನ್ ಆಗುತ್ತದೆ. ಎಂದರೆ ಬಿಸಿಲಿಗಿಂತ ತುಸು ಹಳದಿಯೇ. ಆದರೂ ಅದು ನೀಲಿಯಾಗಿ, ತಂಪಾಗಿ ತೋರುವುದಕ್ಕೆ ಕಾರಣ ನಮ್ಮ ಕಣ್ಣು. ಮಂದ ಬೆಳಕಿನಲ್ಲಿ ಕೆಂಪನ್ನು ಗ್ರಹಿಸುವ ಶಕ್ತಿ ಮೊದಲು ಕುಂದಿ, ನೀಲಿ ಹಸುರುಗಳ ಗ್ರಹಣವು ಮೇಲುಗೈಯಾಗುತ್ತದೆ. 19ನೆಯ ಶತಮಾನದಲ್ಲಿ ಇದನ್ನು ಗುರುತಿಸಿದ ಪುರ್ಕಿಂಜೆ ಎಂಬ ವಿದ್ವಾಂಸನ ಹೆಸರಿನಿಂದಲೇ ಈ ಪರಿಣಾಮವನ್ನು ಕರೆಯುತ್ತಾರೆ. ಕವಿಯು ಚಂದ್ರನ ವಿಷಯದಲ್ಲಿ ಸುಳ್ಳಾಡಲಿಲ್ಲ. ಆತನು ಮನುಷ್ಯನ ಕಣ್ಣಿನ ಸತ್ಯವನ್ನು ಹೇಳಿದನು.

ಬಿಳಿಯ ಬೆಳಕಿನ ಗುಟ್ಟು

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆ ಕಾಲದ ಬಲ್ಬು ತಂತಿಯನ್ನು ಕಾಯಿಸಿ ಬೆಳಕು ಕೊಡುತ್ತಿತ್ತು. ಅದರ ಬೆಳಕಿನಲ್ಲಿ ಕೆಂಪಿನಿಂದ ನೇರಿಳೆಯವರೆಗೆ ಎಲ್ಲ ಬಣ್ಣಗಳೂ ಎಡೆಬಿಡದೆ ಇದ್ದವು. ಆದರೆ ವಿದ್ಯುತ್ತಿನ ಬಹುಪಾಲು ಕಾವಾಗಿಯೇ ವ್ಯಯವಾಗುತ್ತಿತ್ತು.

ಎಲ್‌ಇಡಿ ದೀಪವು ಹಾಗಲ್ಲ. ಅದು ಅರೆವಾಹಕದ ಸಣ್ಣ ಹರಳು. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ನಿರ್ಮಿಸಿದರು. ನೀಲಿ ಬೆಳಕಿನ ಹರಳು ಮಾತ್ರ ಬಹುಕಾಲ ವಿಜ್ಞಾನಿಗಳ ಕೈಗೆ ಸಿಗಲಿಲ್ಲ. ಜಪಾನಿನ ಅಕಾಸಾಕಿ, ಅಮಾನೊ ಹಾಗೂ ನಕಾಮುರಾ ಅವರ ದೀರ್ಘ ಪರಿಶ್ರಮದಿಂದ ಅದು ಸಿದ್ಧಿಸಿತು. 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ಈ ಮೂವರಿಗೆ ಸಂದಿತು. ನೀಲಿ ದೊರೆತ ಮೇಲೆ ಬಿಳುಪು ದೂರವಿರಲಿಲ್ಲ. ನೀಲಿ ಹರಳಿನ ಮೇಲೆ ಹಳದಿಯಾಗಿ ಹೊಳೆಯುವ ಒಂದು ಪುಡಿಯನ್ನು ಲೇಪಿಸಿದರು. ಹರಳಿನ ನೀಲಿ ಬೆಳಕಿನ ಒಂದು ಭಾಗವನ್ನು ಈ ಲೇಪವು ನುಂಗಿ ಹಳದಿಯನ್ನು ಹೊರಸೂಸುತ್ತದೆ. ಉಳಿದ ನೀಲಿ ಹಾಗೆಯೇ ಹೊರಬರುತ್ತದೆ. ನೀಲಿಯೂ ಹಳದಿಯೂ ಬೆರೆತು ಕಣ್ಣಿಗೆ ಬಿಳಿಯೆಂದು ತೋರುತ್ತದೆ.

ತೋರುವುದು ಬೇರೆ, ಇರುವುದು ಬೇರೆ. ಈ ಬಿಳುಪಿನಲ್ಲಿ ನೀಲಿ ಮಿತಿಮೀರಿದೆ. ಅಚ್ಚ ಕೆಂಪು ಬಹಳ ಕಡಮೆ. ವಸ್ತುವೊಂದು ಕೆಂಪಾಗಿ ಕಾಣಬೇಕಾದರೆ ಅದರ ಮೇಲೆ ಬೀಳುವ ಬೆಳಕಿನಲ್ಲಿ ಕೆಂಪು ಇರಲೇಬೇಕು. ಇಲ್ಲದುದನ್ನು ಕುಂಕುಮವು ಹಿಂದಿರುಗಿಸುವುದಾದರೂ ಎಲ್ಲಿಂದ? ಬೆಚ್ಚನೆಯ ಬಿಳುಪಿನ ಎಲ್‌ಇಡಿಯಲ್ಲಿಯೂ ಒಳಗಿರುವುದು ಅದೇ ನೀಲಿ ಹರಳು. ಆದರೆ ಲೇಪವು ದಟ್ಟವಾಗಿದ್ದು, ಅದರಲ್ಲಿ ಕೆಂಪು ಸೂಸುವ ಪುಡಿಯೂ ಬೆರೆತಿರುತ್ತದೆ. ಹೀಗಾಗಿ ನೀಲಿ ತಗ್ಗಿ ಕೆಂಪು ಏರುತ್ತದೆ.

ವಸ್ತುಗಳ ನಿಜಬಣ್ಣವನ್ನು ದೀಪವೊಂದು ಎಷ್ಟರಮಟ್ಟಿಗೆ ತೋರಬಲ್ಲದು ಎಂಬುದಕ್ಕೆ ಇನ್ನೊಂದು ಅಂಕಿಯಿದೆ. ಅದನ್ನು ಸಿ.ಆರ್.ಐ. ಎಂದು ಪೊಟ್ಟಣದ ಮೇಲೆ ಬರೆಯುತ್ತಾರೆ, ಪೂರ್ಣಾಂಕ 100. ಹಳೆಯ ಬಲ್ಬಿಗೆ ಹೆಚ್ಚುಕಡಮೆ ಪೂರ್ಣಾಂಕವೇ ದೊರೆಯುತ್ತದೆ. ಅಗ್ಗದ ತಂಪು ಎಲ್‌ಇಡಿಗೆ 70ರ ಆಸುಪಾಸು. ಒಳ್ಳೆಯ ಬೆಚ್ಚನೆಯ ಎಲ್‌ಇಡಿಗೆ 90 ಮತ್ತು ಅದಕ್ಕೂ ಮೇಲೆ. ಆದರೆ ಈ ಅಂಕಿಯನ್ನು ಎಂಟು ಮೆಲುಬಣ್ಣಗಳ ಸರಾಸರಿಯಿಂದ ಕಟ್ಟುವರು; ಗಾಢವಾದ ಕೆಂಪು ಆ ಎಂಟರಲ್ಲಿಲ್ಲ. ಅದನ್ನು ಆರ್ 9 ಎಂದು ಬೇರೆಯಾಗಿ ಎಣಿಸುತ್ತಾರೆ. ಸರಾಸರಿಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಯು ಒಂದು ವಿಷಯದಲ್ಲಿ ಶೂನ್ಯ ಪಡೆದಿರಬಹುದಲ್ಲವೆ? ದೀಪದ ವಿಷಯವೂ ಹಾಗೆಯೇ. ಗಾಯದ ರಕ್ತವನ್ನೋ ಕೆಂಪು ತಂತಿಯನ್ನೋ ಗುರುತಿಸಬೇಕಾದವರು ಆರ್ 9ರ ಅಂಕಿಯನ್ನೂ ವಿಚಾರಿಸತಕ್ಕದ್ದು.

ಹಳದಿ ಕಾಗದದ ಭ್ರಮೆ

ದೀಪದ ಗಾಜಿಗೆ ಹಳದಿ ಅಥವಾ ಕಿತ್ತಳೆ ಬಣ್ಣದ ಪಾರದರ್ಶಕ ಕಾಗದವನ್ನು ಅಂಟಿಸಿದರೆ ಸಾಲದೇ ಎಂದು ಕೆಲವರು ಕೇಳುವುದುಂಟು. ಕಣ್ಣು ಚುಚ್ಚುವುದು ಅದರಿಂದ ಖಂಡಿತವಾಗಿ ತಗ್ಗುತ್ತದೆ. ಆದರೆ ಕಾಗದವು ಕಳೆಯಬಲ್ಲುದೇ ಹೊರತು ಕೂಡಿಸಲಾರದು. ಅದು ನೀಲಿಯನ್ನು ತಡೆಯುತ್ತದೆ. ಮೂಲದಲ್ಲಿಲ್ಲದ ಕೆಂಪನ್ನು ತಂದುಕೊಡುವ ಶಕ್ತಿ ಅದಕ್ಕಿಲ್ಲ. ಬೆಳಕು ಹಳದಿಯಾಗಿ ಕಂಡರೂ ಕುಂಕುಮ ಮಾತ್ರ ಕಂದಾಗಿಯೇ ಉಳಿಯುತ್ತದೆ. ಮೇಲಿನ ವೇಷವನ್ನು ಬದಲಿಸುವುದಕ್ಕೂ ಮೂಲವನ್ನೇ ಬದಲಿಸುವುದಕ್ಕೂ ಇರುವ ಅಂತರವನ್ನು ತೋರಿಸಲು ಇದಕ್ಕಿಂತ ಸುಲಭವಾದ ಪ್ರಯೋಗವಿಲ್ಲ. ಆದ್ದರಿಂದ ಎಲ್‌ಇಡಿಯನ್ನೇ ಬದಲಿಸುವುದು ಉತ್ತಮ ಮಾರ್ಗ.

ಬದಲಿಸುವ ಕ್ರಮ

ಅಗ್ಗದ ಹಣೆದೀಪಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ 5 ಮಿಲಿಮೀಟರ್ ದಪ್ಪದ, ಎರಡು ಕಾಲುಗಳುಳ್ಳ ಹಲವು ಸಣ್ಣ ಎಲ್‌ಇಡಿಗಳು ವೃತ್ತಾಕಾರದಲ್ಲಿ ಕುಳಿತಿರುತ್ತವೆ; ಮೂರು ಸಣ್ಣ ಸೆಲ್ಲುಗಳಿಂದ ಉರಿಯುತ್ತವೆ. ಎರಡನೆಯದರಲ್ಲಿ ಲೋಹದ ಬಿಲ್ಲೆಯ ಮೇಲೆ ಕುಳಿತ ಒಂದೇ ದೊಡ್ಡ ಎಲ್‌ಇಡಿ, ಅದರ ಮುಂದೊಂದು ಮಸೂರ, ಒಳಗೆ ಮರುಪೂರಣ ಮಾಡುವ ಬ್ಯಾಟರಿ.

ಮೊದಲ ಬಗೆಯನ್ನು ವಿಚಾರಿಸೋಣ. ಇದರಲ್ಲಿ ಏಳು ಎಲ್‌ಇಡಿಗಳಿವೆಯೆಂದು ಇಟ್ಟುಕೊಳ್ಳಬಹುದು. ತಯಾರಕರು ಖರ್ಚುಳಿಸಲು ಏಳನ್ನೂ ಸಮಾಂತರವಾಗಿ ಜೋಡಿಸಿ ಎಲ್ಲಕ್ಕೂ ಸೇರಿ ಒಂದೇ ರೆಸಿಸ್ಟರ್ ಇಟ್ಟಿರುತ್ತಾರೆ. ಕೆಲವೊಮ್ಮೆ ಅದೂ ಇರುವುದಿಲ್ಲ. ಎಲ್‌ಇಡಿಗಳು ನೋಡಲು ಒಂದೇ ಆದರೂ ಅವು ಬೇಡುವ ವೋಲ್ಟೇಜಿನಲ್ಲಿ ಅಲ್ಪಸ್ವಲ್ಪ ಭೇದವುಂಟು. ಕಡಮೆ ಬೇಡುವುದು ಹೆಚ್ಚು ವಿದ್ಯುತ್ತನ್ನು ಸೆಳೆದು, ಕಾದು, ಬೇಗ ಕೆಡುತ್ತದೆ, ಉಳಿದವು ಮಂಕಾಗಿರುತ್ತವೆ. ದಾಸೋಹದ ಪಂಕ್ತಿಯಲ್ಲಿ ಏಳು ಮಂದಿಗೆ ಒಂದೇ ಎಲೆಯಲ್ಲಿ ಬಡಿಸಿದರೆ ಚುರುಕಾದ ಕೈಯವನು ಹೆಚ್ಚು ಉಣ್ಣುವನು. ಪ್ರತಿಯೊಬ್ಬನಿಗೂ ಪ್ರತ್ಯೇಕವಾದ ಎಲೆ ಹಾಕಿದರೆ ಪಂಕ್ತಿಭೇದವಿಲ್ಲ. ಅಂತೆಯೇ ಪ್ರತಿಯೊಂದು ಎಲ್‌ಇಡಿಗೂ ಅದರದೇ ಆದ ರೆಸಿಸ್ಟರ್ ಇರತಕ್ಕದ್ದು.

ಅದರ ಲೆಕ್ಕ ಸುಲಭ. 1.5 ವೋಲ್ಟಿನ ಮೂರು ಸೆಲ್ಲುಗಳು ಸೇರಿ 4.5 ವೋಲ್ಟ್. ಬಿಳಿ ಎಲ್‌ಇಡಿ ತೆಗೆದುಕೊಳ್ಳುವುದು ಸುಮಾರು 3.1 ವೋಲ್ಟ್. ಉಳಿದ 1.4 ವೋಲ್ಟನ್ನು ರೆಸಿಸ್ಟರ್ ಹೊರಬೇಕು. ಇಂತಹ ಎಲ್‌ಇಡಿಗೆ 20 ಮಿಲಿಆಂಪಿಯರ್ ವಾಡಿಕೆಯ ಮಿತಿ. ಅದಕ್ಕಿಂತ ತುಸು ಕೆಳಗಿರುವುದು ಲೇಸು. 82 ಓಮಿನ ರೆಸಿಸ್ಟರ್ ಹಾಕಿದರೆ 1.4ನ್ನು 82ರಿಂದ ಭಾಗಿಸಲಾಗಿ ಸುಮಾರು 17 ಮಿಲಿಆಂಪಿಯರ್ ಹರಿಯುತ್ತದೆ. ಏಳಕ್ಕೂ ಸೇರಿ ಸುಮಾರು 120. ಕಾಲು ವಾಟಿನ ರೆಸಿಸ್ಟರ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಮರುಪೂರಣದ 1.2 ವೋಲ್ಟಿನ ಸೆಲ್ಲುಗಳಾದರೆ ಒಟ್ಟು 3.6 ವೋಲ್ಟ್ ಮಾತ್ರವಾಗಿ ಇದೇ ರೆಸಿಸ್ಟರಿನಿಂದ ಬೆಳಕು ಬಹಳ ಮಂದವಾಗುತ್ತದೆ. ಆದುದರಿಂದ ಯಾವ ಸೆಲ್ಲನ್ನು ಬಳಸುವುದೆಂದು ಮೊದಲು ನಿಶ್ಚಯಿಸಿ, ಬಳಿಕ ಲೆಕ್ಕ ಹಾಕಬೇಕು.

ಸೆಲ್ಲುಗಳನ್ನು ಹೊರತೆಗೆದ ಮೇಲೆಯೇ ಕೆಲಸಕ್ಕೆ ಕೈಹಚ್ಚತಕ್ಕದ್ದು. ಹಳೆಯ ಎಲ್‌ಇಡಿಗಳ ಬೆಸುಗೆಯನ್ನು ಕರಗಿಸಿ ಬಿಡಿಸಬೇಕು. ತೆಗೆಯುವ ಮುನ್ನ ಯಾವ ಕಡೆ ಧನ, ಯಾವ ಕಡೆ ಋಣ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಹೊಸ ಎಲ್‌ಇಡಿಯ ಉದ್ದನೆಯ ಕಾಲು ಧನ. ಅಂಚು ಚಪ್ಪಟೆಯಾಗಿರುವ ಪಕ್ಕದ ಕಾಲು ಋಣ. ಪ್ರತಿಯೊಂದರ ಒಂದು ಕಾಲಿಗೆ ರೆಸಿಸ್ಟರನ್ನು ಬೆಸೆದು, ತಂತಿ ತಂತಿಗೆ ತಾಗದಂತೆ ನಿರೋಧಕ ಕೊಳವೆಯನ್ನು ತೊಡಿಸಬೇಕು. ಕಾದ ಮೊನೆಯನ್ನು ಮೂರು ಸೆಕೆಂಡಿಗಿಂತ ಹೆಚ್ಚು ಕಾಲ ಎಲ್‌ಇಡಿಯ ಕಾಲಿಗೆ ತಾಗಿಸಬಾರದು.

ಕೆಂಪು ಇನ್ನೂ ಸಾಲದೆಂದು ತೋರಿದರೆ ಏಳರಲ್ಲಿ ಒಂದರ ಜಾಗದಲ್ಲಿ ಕೆಂಪು ಎಲ್‌ಇಡಿಯನ್ನೇ ಕೂರಿಸಬಹುದು. ಅದು ಬೇಡುವುದು ಸುಮಾರು 2 ವೋಲ್ಟ್ ಮಾತ್ರ. ಉಳಿದ 2.5 ವೋಲ್ಟಿಗೆ 150 ಓಮಿನ ರೆಸಿಸ್ಟರ್ ತಕ್ಕುದು. ಎಲ್ಲಕ್ಕೂ ಒಂದೇ ರೆಸಿಸ್ಟರ್ ಇದ್ದಿದ್ದರೆ ಈ ಕೆಂಪು ಎಲ್‌ಇಡಿಯೊಂದೇ ವಿದ್ಯುತ್ತನ್ನೆಲ್ಲ ಸೆಳೆದು ಉಳಿದ ಆರನ್ನೂ ಕತ್ತಲೆಯಲ್ಲಿಡುತ್ತಿತ್ತು. ಬೇರೆ ಬೇರೆ ಎಲೆಯ ಮಹಿಮೆ ಇಲ್ಲಿ ಸ್ಪಷ್ಟವಾಗುತ್ತದೆ.

ಎರಡನೆಯ ಬಗೆಯ ದೀಪದಲ್ಲಿ ಲೆಕ್ಕದ ತೊಡಕಿಲ್ಲ. ಬೆಚ್ಚನೆಯದೂ ತಂಪಿನದೂ ಒಂದೇ ನೀಲಿ ಹರಳಿನಿಂದಾದವುಗಳಾದ್ದರಿಂದ, ಅದೇ ಅಳತೆಯ, ಅದೇ ಸಾಮರ್ಥ್ಯದ ಬೆಚ್ಚನೆಯ ಎಲ್‌ಇಡಿಯನ್ನು ಆರಿಸಿದರೆ ಮಂಡಲವನ್ನು ಮುಟ್ಟಬೇಕಾಗಿಲ್ಲ. ಬಿಲ್ಲೆಯ ಅಡ್ಡಳತೆಯನ್ನು ಮೊದಲು ಅಳೆಯಬೇಕು. ಹಲವು ದೀಪಗಳಲ್ಲಿ ಅದು 16 ಅಥವಾ 20 ಮಿಲಿಮೀಟರ್. ಹೊಸ ಬಿಲ್ಲೆಯ ಕೆಳಗೆ ಕಾವನ್ನು ಸಾಗಿಸುವ ಥರ್ಮಲ್ ಪೇಸ್ಟನ್ನು ತೆಳುವಾಗಿ ಸವರಬೇಕು. ಕಾವು ಲೋಹಕ್ಕೆ ಇಳಿಯದಿದ್ದರೆ ಎಲ್‌ಇಡಿಯ ಆಯುಸ್ಸು ಇಳಿಯುತ್ತದೆ. ತಟ್ಟನೆ ಹಿಡಿಯುವ ಅಂಟನ್ನು ಒಳಗೆ ಬಳಸಲಾಗದು; ಅದರ ಆವಿಯು ಮಸೂರವನ್ನು ಮಬ್ಬಾಗಿಸುತ್ತದೆ. ಎಲ್‌ಇಡಿಯು ಮಸೂರದ ನಟ್ಟನಡುವೆ ಕುಳಿತರೆ ಮಾತ್ರ ಬೆಳಕಿನ ವೃತ್ತವು ನೇರ್ಪಾಗಿ ಬೀಳುತ್ತದೆ.

ಬೇಕಾದ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ದೊರೆಯುತ್ತವೆ. ಕೇಳುವಾಗ ಬರಿದೆ ಹಳದಿ ಬಣ್ಣದ್ದು ಎನ್ನದೆ 3000 ಅಥವಾ 4000 ಕೆಲ್ವಿನ್, ಸಿ.ಆರ್.ಐ. 90 ಎಂದು ಖಚಿತವಾಗಿ ಕೇಳಬೇಕು. ಮನೆಯೊಳಗೆ ಓದಲು ಮೊದಲನೆಯದು, ಹೊಲದಲ್ಲಿ ದೂರ ನೋಡಲು ಎರಡನೆಯದು ಹಿತ.

ಎಚ್ಚರಿಕೆಯ ಮಾತುಗಳು

ಲಿಥಿಯಂ ಬ್ಯಾಟರಿಯ ವಿಷಯದಲ್ಲಿ ಅಲಕ್ಷ್ಯವು ಸಲ್ಲದು. ಅದರ ಎರಡು ತುದಿಗಳನ್ನು ಲೋಹವು ನೇರವಾಗಿ ಕೂಡಿಸಿದರೆ ಬೆಂಕಿ ಹೊತ್ತಬಹುದು. ಅದರ ಮೈಗೆ ನೇರವಾಗಿ ಬೆಸುಗೆ ಹಾಕಬಾರದು. ಉಬ್ಬಿದ ಅಥವಾ ಹೊದಿಕೆ ಹರಿದ ಬ್ಯಾಟರಿಯನ್ನು ಬಳಸಬಾರದು. ಒಣಸೆಲ್ಲಿನ ಜಾಗದಲ್ಲಿ ಅದನ್ನು ಕೂರಿಸಬಾರದು. ದೊಡ್ಡ ಎಲ್‌ಇಡಿಯನ್ನು ಬರಿಗಣ್ಣಿನಿಂದ ದಿಟ್ಟಿಸಿ ನೋಡಬಾರದು. ಬೆಸುಗೆಯ ಲೋಹದಲ್ಲಿ ಸೀಸವಿರಬಹುದಾದ್ದರಿಂದ ಗಾಳಿಯಾಡುವ ಕಡೆ ಕುಳಿತು ಕೆಲಸ ಮಾಡಿ, ಮುಗಿದ ಮೇಲೆ ಸೋಪಿನಿಂದ ಕೈ ತೊಳೆದೇ ಪ್ರಸಾದಕ್ಕೆ ಕೂರಬೇಕು. ಎಳೆಯ ವಿದ್ಯಾರ್ಥಿಗಳು ಅಧ್ಯಾಪಕರ ಎದುರಿನಲ್ಲಿಯೇ ಈ ಕೆಲಸ ಮಾಡತಕ್ಕದ್ದು.

ಪರೀಕ್ಷೆಯೂ ಫಲವೂ

ಕೆಲಸ ಮುಗಿದ ಬಳಿಕ ಪರೀಕ್ಷೆಗೆ ದುಬಾರಿಯಾದ ಉಪಕರಣ ಬೇಕಿಲ್ಲ. ಪೂಜೆಯ ತಟ್ಟೆಯೇ ಸಾಕು. ಕತ್ತಲೆಯ ಕೋಣೆಯಲ್ಲಿ ವಿಭೂತಿ, ಕುಂಕುಮ, ಅರಿಸಿನ, ಬಿಲ್ವಪತ್ರೆಗಳನ್ನು ಸಾಲಾಗಿ ಇಟ್ಟು, ಮೊದಲು ಬದಲಿಸದ ದೀಪವನ್ನೂ ಅನಂತರ ಬದಲಿಸಿದ ದೀಪವನ್ನೂ ಬೆಳಗಿಸಬೇಕು. ಮೊದಲನೆಯದರಲ್ಲಿ ವಿಭೂತಿಗೆ ನೀಲಿಯ ಛಾಯೆ, ಕುಂಕುಮಕ್ಕೆ ಕಂದಿನ ಛಾಯೆ, ಅಂಗೈಗೆ ಬಿಳಿಚಿದ ಛಾಯೆ. ಎರಡನೆಯದರಲ್ಲಿ ಕುಂಕುಮವು ಕುಂಕುಮವಾಗಿಯೂ ಅಂಗೈಯು ಜೀವವಿರುವ ಕೈಯಾಗಿಯೂ ತೋರುತ್ತದೆ.

ಇದರಿಂದ ಇನ್ನೆರಡು ಲಾಭಗಳುಂಟು. ಹುಳುಹುಪ್ಪಟೆಗಳನ್ನು ನೀಲಿ ಮತ್ತು ನೇರಿಳಾತೀತ ಬೆಳಕು ಹೆಚ್ಚಾಗಿ ಸೆಳೆಯುವುದರಿಂದ ಬೆಚ್ಚನೆಯ ದೀಪದ ಸುತ್ತ ಅವುಗಳ ಮುತ್ತಿಗೆ ಕಡಮೆ. ಹಣೆಯ ಮೇಲೆ ದೀಪ ಧರಿಸಿದವನಿಗೆ ಇದೇನು ಸಣ್ಣ ಉಪಕಾರವಲ್ಲ. ಮಲಗುವ ಮುನ್ನ ಕಣ್ಣಿಗೆ ಬೀಳುವ ನೀಲಿ ಬೆಳಕು ನಿದ್ರೆಯನ್ನು ತರುವ ಮೆಲಟೋನಿನ್ ಎಂಬ ರಸವನ್ನು ತಗ್ಗಿಸುತ್ತದೆಂಬುದು ಸಿದ್ಧವಾದ ವಿಷಯ. ಆ ದೃಷ್ಟಿಯಿಂದಲೂ ರಾತ್ರಿಯ ಓದಿಗೆ ಹೊಂಬೆಳಕೇ ಮೇಲು. ನಷ್ಟವೂ ಒಂದುಂಟು: ಅಷ್ಟೇ ವಿದ್ಯುತ್ತಿಗೆ ಬೆಚ್ಚನೆಯ ಎಲ್‌ಇಡಿಯು ಕೊಡುವ ಬೆಳಕು ಐದರಲ್ಲಿ ಒಂದು ಪಾಲಿನಷ್ಟೋ ಅದಕ್ಕೂ ತುಸು ಹೆಚ್ಚೋ ಕಡಮೆಯಾಗುತ್ತದೆ. ಆದರೆ ಆ ಕೊರತೆಯನ್ನು ಕತ್ತಲೆಗೆ ಹೊಂದಿಕೊಂಡ ಕಣ್ಣು ಬೇಗನೆ ಮರೆಯುತ್ತದೆ.

ಉಪಸಂಹಾರ

ದೀಪದಾನವು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ನಡೆದುಬಂದ ಪುಣ್ಯಕಾರ್ಯ. ಉಚಿತ ಪ್ರಸಾದ ನಿಲಯಗಳಲ್ಲಿ ಇರುವ ಬಡಮಕ್ಕಳಿಗೆ ವಿದ್ಯುತ್ತು ಹೋದ ರಾತ್ರಿಗಳಲ್ಲಿ ಓದಲು ಹಣೆದೀಪವೊಂದನ್ನು ಕೊಡುವುದು ಅಂತಹುದೇ ದಾನ. ಆದರೆ ಕೊಂಡು ಕೊಟ್ಟ ದೀಪವು ಕೆಟ್ಟ ದಿನ ಕಸವಾಗುತ್ತದೆ. ತಾನೇ ಬಿಚ್ಚಿ, ಲೆಕ್ಕ ಹಾಕಿ, ಬೆಸೆದ ದೀಪವು ಕೆಟ್ಟರೆ ಹುಡುಗನು ಅದನ್ನು ಮತ್ತೆ ಸರಿಪಡಿಸಬಲ್ಲನು. ಬೆಸುಗೆಯ ಸಲಕರಣೆ, ಒಂದು ಮಲ್ಟಿಮೀಟರ್, ಒಂದು ಡಬ್ಬಿ ರೆಸಿಸ್ಟರುಗಳು, ಹಿಡಿಯಷ್ಟು ಬೆಚ್ಚನೆಯ ಎಲ್‌ಇಡಿಗಳು ಶಾಲೆಯ ಪ್ರಯೋಗಶಾಲೆಯಲ್ಲಿದ್ದರೆ ಒಂದು ತರಗತಿಯ ಮಕ್ಕಳು ಓಮನ ನಿಯಮವನ್ನು ಪುಸ್ತಕದಲ್ಲಿ ಕಂಠಪಾಠ ಮಾಡದೆ ಕೈಯಲ್ಲಿಯೇ ಕಲಿತುಬಿಡುವರು. ದಾನಿಗಳ ಒಂದು ಸಣ್ಣ ನೆರವು, ಅಧ್ಯಾಪಕರ ಒಂದು ಮಧ್ಯಾಹ್ನ, ಕೈಕೆಲಸ ಬಲ್ಲ ಹಳೆಯ ವಿದ್ಯಾರ್ಥಿಗಳ ಮಾರ್ಗದರ್ಶನ, ಈ ಮೂರು ಕೂಡಿದರೆ ಸಾಕು.

ಕಾಯಕವೆಂದರೆ ಇಂತಹುದೇ. ಮನೆಯಲ್ಲಿ ತಂದೆಯು ರಾತ್ರಿಯ ಪಾಳಿಯ ನೀರಿಗೆ ಹೊರಡುವಾಗ ಮಗನು ತನ್ನ ಕೈಯಾರೆ ತಿದ್ದಿದ ದೀಪವನ್ನು ಆತನ ಹಣೆಗೆ ಕಟ್ಟುವಂತಾದರೆ, ಕೆಂಪು ತಂತಿ ಕೆಂಪಾಗಿಯೂ ತರಗೆಲೆಯ ನಡುವಿನ ಹಾವು ಹಾವಾಗಿಯೂ ಆತನಿಗೆ ಕಾಣುವಂತಾದರೆ, ಶಾಲೆಯಲ್ಲಿ ಕಲಿತ ವಿದ್ಯೆಯು ಮನೆಯನ್ನು ಮುಟ್ಟಿತೆಂದು ತಿಳಿಯಬಹುದು.